ಕಿಡ್ನಿಯ ಜೀವಕೋಶಗಳಲ್ಲಿ ಜೀನ್ ಚಟುವಟಿಕೆ ಓದುವುದು ಹೇಗೆ: ಲ್ಯಾಪ್‌ಟಾಪಿನಿಂದ ಲ್ಯಾಬಿನವರೆಗೆ

ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕುವ ಕಸ) ಏರಿದೆ ಅಂತ ಗೊತ್ತಾಗುವ ಹೊತ್ತಿಗೆ ಕಿಡ್ನಿಯ ಕೆಲಸ ಸುಮಾರು ಅರ್ಧಕ್ಕೆ ಇಳಿದಿರಬಹುದು. ಡಯಾಲಿಸಿಸ್ ವಾರ್ಡಿನ ಹೊರಗೆ ಕೂತಿರುವ ಎಷ್ಟೋ ಜನರಿಗೆ ತಮ್ಮ ರೋಗ ಶುರುವಾದದ್ದು ಯಾವಾಗ ಅಂತಲೇ ಗೊತ್ತಿರುವುದಿಲ್ಲ. ಶುಗರ್ ಇತ್ತು, ಬಿಪಿ ಇತ್ತು, ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗುತ್ತಿದ್ದರು. ಇದರಲ್ಲಿ ಯಾವುದು ಎಲ್ಲಿ ಕೆಡಿಸಿತು ಅಂತ ರಕ್ತದ ಒಂದು ಅಂಕಿ ಹೇಳಲಾರದು. ಕೋಶದೊಳಗೆ ಯಾವ ಜೀನ್ ಜೋರಾಗಿ ನಡೆಯುತ್ತಿದೆ, ಯಾವುದು ಸುಮ್ಮನಾಗಿದೆ ಅಂತ ನೋಡಿದರೆ ಕಿಡ್ನಿಯ ಯಾವ ಭಾಗ ಹೇಗೆ ಕೆಡುತ್ತಿದೆ ಅನ್ನುವುದು ಸ್ವಲ್ಪ ಬಿಡಿಸಿ ಗೊತ್ತಾಗುತ್ತದೆ.

ರಾಯಚೂರು, ಬಳ್ಳಾರಿ, ಕೊಪ್ಪಳದ ಕಾಲೇಜುಗಳಲ್ಲಿ ವೈದ್ಯಕೀಯವನ್ನೋ ಲೈಫ್ ಸೈನ್ಸ್ ಎಂಎಸ್ಸಿಯನ್ನೋ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಡಿಎನ್‌ಎ, ಆರ್‌ಎನ್‌ಎ ಓದುವ ಸೀಕ್ವೆನ್ಸಿಂಗ್ ಯಂತ್ರಕ್ಕಾಗಿ ಹೈದರಾಬಾದ್ ಅಥವಾ ಬೆಂಗಳೂರಿನ ಕಡೆ ನೋಡಬೇಕಾದೀತು, ನಿಜ. ಆದರೆ ಕಲಿಯಲು ಬೇಕಾದ ಡೇಟಾ ಪುಕ್ಕಟೆ ಸಿಗುತ್ತದೆ, ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಉದ್ದಕ್ಕೂ ಎರಡು ಪ್ರಶ್ನೆಗಳನ್ನು ಕೈಬಿಡಬೇಡಿ. ಈ ಬದಲಾವಣೆ ಯಾವ ಕೋಶದ್ದು? ಎಷ್ಟು ಜನರ ಕಿಡ್ನಿಯಲ್ಲಿ ಕಂಡಿತು? ಈ ಕ್ಷೇತ್ರದಲ್ಲಿ ಹಾದಿ ತಪ್ಪುವವರು ಹೆಚ್ಚಾಗಿ ಇವೆರಡರಲ್ಲಿ ಒಂದನ್ನು ಮರೆತವರೇ.

ಏನನ್ನು ಎಣಿಸುತ್ತಿದ್ದೇವೆ?

ಕಿಡ್ನಿಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಡಿಎನ್‌ಎ ಒಂದೇ. ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಪ್ರತಿ ಕೋಶ ತನಗೆ ಬೇಕಾದ ಜೀನ್‌ಗಳನ್ನಷ್ಟೇ ನಡೆಸುತ್ತದೆ. ನಡೆಯುವ ಜೀನ್‌ನಿಂದ ಎಂಆರ್‌ಎನ್‌ಎ ಪ್ರತಿಗಳು, ಅಂದರೆ ಪ್ರೋಟೀನ್ ಮಾಡಲು ಬೇಕಾದ ನಕಲುಗಳು, ಹುಟ್ಟುತ್ತವೆ. ನಾವು ಎಣಿಸುವುದು ಈ ಪ್ರತಿಗಳನ್ನು.

ಮೊದಲೆಲ್ಲ ಕಿಡ್ನಿಯ ಒಂದು ತುಣುಕನ್ನು ಇಡಿಯಾಗಿ ಅರೆದು ಆರ್‌ಎನ್‌ಎ ತೆಗೆಯುತ್ತಿದ್ದರು. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಅಕ್ಕಿ, ನುಚ್ಚು, ತೌಡು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ತೂಕ ಹಾಕಿದ ಹಾಗೆ ಅದು. ಒಟ್ಟು ತೂಕ ಸರಿಯಾಗೇ ಇರುತ್ತದೆ, ನುಚ್ಚು ಎಷ್ಟು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಈಗ ಒಂದೊಂದು ಕೋಶಕ್ಕೂ, ಅಥವಾ ಅದರ ನ್ಯೂಕ್ಲಿಯಸ್‌ಗೂ, ಪುಟ್ಟ ಹನಿಯೊಂದರಲ್ಲಿ ಬೇರೆ ಬೇರೆ ಬಾರ್‌ಕೋಡ್ (ಗುರುತಿನ ಡಿಎನ್‌ಎ ಚೂರು) ಅಂಟಿಸಿ ಎಣಿಸುತ್ತಾರೆ. ಕೊನೆಗೆ ಕೈಗೆ ಬರುವುದು ಒಂದು ದೊಡ್ಡ ಕೋಷ್ಟಕ. ಅಡ್ಡಸಾಲಿನಲ್ಲಿ ಜೀನ್‌ಗಳು, ಕಂಬಸಾಲಿನಲ್ಲಿ ಕೋಶಗಳು, ಮನೆಗಳಲ್ಲಿ ಎಣಿಕೆ. ಮನೆಗಳಲ್ಲಿ ಬಹುಪಾಲು ಸೊನ್ನೆಯೇ. ನೋಡಿ ಗಾಬರಿಯಾಗಬೇಡಿ, ಅದು ಸಹಜ.

ಹಂತ 1: ನೆಫ್ರಾನ್ ಉದ್ದಕ್ಕೂ ನಡೆದು ಕೋಶಗಳ ಗುರುತು ಮಾಡಿಕೊಳ್ಳಿ

ಇದನ್ನು ಬಿಟ್ಟು ಸೀದಾ ಸಾಫ್ಟ್‌ವೇರ್‌ಗೆ ಹಾರುವವರೇ ಜಾಸ್ತಿ. ಹಾಗೆ ಮಾಡಬೇಡಿ. ಒಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ನೆಫ್ರಾನ್‌ಗಳಿರುತ್ತವೆ, ಅಂದರೆ ರಕ್ತ ಸೋಸಿ ಮೂತ್ರ ಮಾಡುವ ಸಣ್ಣ ನಳಿಕೆಗಳು. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿ ಮೂತ್ರವಾಗಿ ಹೊರಬರುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದನ್ನೆಲ್ಲ ವಾಪಸ್ ಹೀರುವ ಕೆಲಸವನ್ನು ಬೇರೆ ಬೇರೆ ಕೋಶಗಳು ಹಂಚಿಕೊಂಡಿವೆ. ಹಾಗಾಗಿಯೇ ಅವುಗಳ ಜೀನ್‌ಗಳೂ ಬೇರೆ.

ಸೋಸುವ ರಕ್ತನಾಳಗಳ ಗಂಟಾದ ಗ್ಲೊಮೆರುಲಸ್‌ನಿಂದ ಶುರು ಮಾಡಿ. ಅಲ್ಲಿ ಕಾಲು ಚಾಚಿ ಕೂತ ಪೋಡೋಸೈಟ್‌ಗಳಲ್ಲಿ ಎನ್‌ಪಿಎಚ್‌ಎಸ್1, ಎನ್‌ಪಿಎಚ್‌ಎಸ್2 ಜೀನ್‌ಗಳು ನಡೆಯುತ್ತವೆ. ನೆಫ್ರಿನ್, ಪೋಡೋಸಿನ್ ಎಂಬ ಪ್ರೋಟೀನ್‌ಗಳು ಇವುಗಳವೇ. ಇವು ಕೆಟ್ಟರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ನೊರೆ ಬರುತ್ತದೆ. ಮುಂದೆ ಪ್ರಾಕ್ಸಿಮಲ್ ಟ್ಯೂಬ್ಯೂಲ್, ಸೋಸಿದ ದ್ರವ ಮೊದಲು ಸೇರುವ ನಳಿಕೆ. ಸಂಖ್ಯೆಯಲ್ಲಿ ಇದರ ಕೋಶಗಳೇ ಜಾಸ್ತಿ, ಗುರುತಿನ ಜೀನ್‌ಗಳು ಎಲ್‌ಆರ್‌ಪಿ2 ಮತ್ತು ಕ್ಯೂಬಿಎನ್. ಇದರ ಮೊದಲ ಭಾಗದಲ್ಲಿ ಎಸ್‌ಎಲ್‌ಸಿ5ಎ2 ಎಂಬ ಜೀನ್ ಇರುತ್ತದೆ. ಸಕ್ಕರೆಯನ್ನು ವಾಪಸ್ ಹೀರುವ ಎಸ್‌ಜಿಎಲ್‌ಟಿ2 ಪ್ರೋಟೀನ್ ಇದರದ್ದೇ. ಶುಗರ್ ಇರುವವರ ಚೀಟಿಯಲ್ಲಿ ಈಚೆಗೆ ಕಾಣುವ ಡಾಪಾಗ್ಲಿಫ್ಲೋಜಿನ್ ತಡೆಯುವುದು ಇದನ್ನೇ. ಒಂದು ಕೋಶ, ಒಂದು ಜೀನ್, ಒಂದು ಗುಳಿಗೆ. ಈ ವಿದ್ಯೆ ಯಾಕೆ ಬೇಕು ಅಂತ ಕೇಳಿದವರಿಗೆ ನಾನು ಕೊಡುವ ಉದಾಹರಣೆ ಇದು.

ಆಮೇಲೆ ಬರುವ ಹೆನ್ಲಿ ಕುಣಿಕೆ ಎಂಬ ಬಾಗಿದ ನಳಿಕೆಯ ದಪ್ಪ ಭಾಗದ ಗುರುತು ಯುಎಂಒಡಿ. ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಯೂರೋಮಾಡ್ಯುಲಿನ್ ಅಲ್ಲಿಂದಲೇ ಬರುತ್ತದೆ. ಅದರ ಮುಂದಿನ ಡಿಸ್ಟಲ್ ಟ್ಯೂಬ್ಯೂಲ್‌ಗೆ ಎಸ್‌ಎಲ್‌ಸಿ12ಎ3, ಕೊನೆಯ ಕಲೆಕ್ಟಿಂಗ್ ಡಕ್ಟಿನ ನೀರು ಹೀರುವ ಕೋಶಗಳಿಗೆ ಎಕ್ಯೂಪಿ2. ರಕ್ತನಾಳದ ಒಳಪದರಕ್ಕೆ ಪಿಇಸಿಎಎಂ1, ಬಿಳಿರಕ್ತಕಣಗಳಿಗೆ ಪಿಟಿಪಿಆರ್‌ಸಿ, ಗಾಯ ಕಟ್ಟುವ ಫೈಬ್ರೋಬ್ಲಾಸ್ಟ್‌ಗಳಿಗೆ ಸಿಒಎಲ್1ಎ1. ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ದಿನಾ ಬೇಕಾಗುತ್ತದೆ.

ಹಂತ 2: ಒಂದೇ ಒಂದು ಪ್ರಶ್ನೆ ಬರೆಯಿರಿ

"ಕಿಡ್ನಿ ರೋಗದಲ್ಲಿ ಜೀನ್‌ಗಳು ಹೇಗೆ ಬದಲಾಗುತ್ತವೆ" ಅನ್ನುವುದು ಪ್ರಶ್ನೆಯೇ ಆಗಲಿಲ್ಲ. "ಶುಗರ್‌ನಿಂದ ಕಿಡ್ನಿ ಕೆಡಲು ಶುರುವಾದವರ ಪ್ರಾಕ್ಸಿಮಲ್ ಟ್ಯೂಬ್ಯೂಲ್ ಕೋಶಗಳಲ್ಲಿ ಗಾಯದ ಗುರುತಿನ ಜೀನ್‌ಗಳು ಏರಿವೆಯಾ?" ಇದು ಪ್ರಶ್ನೆ. ಕೋಶ ಯಾವುದು, ರೋಗ ಯಾವುದು, ಹೋಲಿಕೆ ಯಾರ ಜೊತೆ ಅನ್ನುವ ಮೂರೂ ಇದರಲ್ಲಿವೆ.

ನಮ್ಮ ಕಡೆಯ ಪ್ರಶ್ನೆಗಳೂ ಬಹಳ ಇವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಗದ್ದೆ, ಗಣಿ, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರು, ಕೊಳವೆಬಾವಿಯ ಫ್ಲೋರೈಡ್ ನೀರು, ನೋವಿನ ಗುಳಿಗೆಗಳು. ಯಾರಿಗಾದರೂ ಇವನ್ನೇ ಹಿಡಿಯಬೇಕು ಅನಿಸುತ್ತದೆ. ಹಿಡಿಯಿರಿ, ಆದರೆ ಎರಡನೇ ಪ್ರಶ್ನೆಯಾಗಿ. ಮೊದಲು ಉತ್ತರ ಗೊತ್ತಿರುವ ಡೇಟಾದ ಮೇಲೆ ಕೈ ಪಳಗಲಿ.

ಹಂತ 3: ಮುಕ್ತ ಡೇಟಾ ಇಳಿಸಿ

ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಸಿಬಿಐ ನಡೆಸುವ ಜಿಯೋ ಎಂಬ ಡೇಟಾ ಭಂಡಾರದಲ್ಲಿ ಜಿಎಸ್‌ಇ131882 ಅಂತ ಹುಡುಕಿ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಡೇಟಾ ಇದು. ಶುಗರ್‌ನಿಂದ ಕಿಡ್ನಿ ತೊಂದರೆ ಆಗಷ್ಟೇ ಶುರುವಾದ 3 ಜನ, ಹೋಲಿಕೆಗೆ ಇನ್ನೂ 3 ಜನ, ಒಟ್ಟು 23,980 ನ್ಯೂಕ್ಲಿಯಸ್‌ಗಳು. ಕಲಿಯಲು ಹೇಳಿ ಮಾಡಿಸಿದ ಗಾತ್ರ. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೋಲ್ಯಾಬ್‌ನ ಪುಕ್ಕಟೆ ಖಾತೆಯಲ್ಲೇ ನಡೆಯುತ್ತದೆ. ಲೆಕ್ಕವೆಲ್ಲ ಅವರ ಸರ್ವರ್‌ನಲ್ಲಿ ಆಗುವುದರಿಂದ ಲ್ಯಾಪ್‌ಟಾಪ್ ಹಳೆಯದಾದರೂ ಚಿಂತೆ ಇಲ್ಲ. ಆದರೆ ಕರೆಂಟ್ ಹೋದರೆ, ನೆಟ್ ಕೈಕೊಟ್ಟರೆ ಕೋಲ್ಯಾಬ್ ಎಲ್ಲವನ್ನೂ ಮರೆತುಬಿಡಬಹುದು. ಅದಕ್ಕೇ ಪ್ರತಿ ಹಂತ ಮುಗಿದ ಕೂಡಲೇ ಫಲಿತಾಂಶವನ್ನು ಗೂಗಲ್ ಡ್ರೈವ್‌ಗೆ ಉಳಿಸಿ.

ದೊಡ್ಡದು ಬೇಕಾದವರಿಗೆ ಕೆಪಿಎಂಪಿ ಇದೆ, ಅಂದರೆ ಕಿಡ್ನಿ ಪ್ರಿಸಿಷನ್ ಮೆಡಿಸಿನ್ ಪ್ರಾಜೆಕ್ಟ್. ಅದರವರೂ ಜೊತೆಗೂಡಿ 2023ರಲ್ಲಿ ಪ್ರಕಟಿಸಿದ ಅಟ್ಲಾಸ್‌ನಲ್ಲಿ (ಕಿಡ್ನಿ ಕೋಶಗಳ ನಕ್ಷೆಯಲ್ಲಿ) 4 ಲಕ್ಷಕ್ಕೂ ಮೀರಿ ಕೋಶ ಮತ್ತು ನ್ಯೂಕ್ಲಿಯಸ್‌ಗಳಿವೆ, 51 ಮುಖ್ಯ ಕೋಶ ಬಗೆಗಳನ್ನು ಗುರುತಿಸಿದ್ದಾರೆ. ಕೆಪಿಎಂಪಿ ವೆಬ್‌ಸೈಟಿನಲ್ಲಿ ಒಂದು ಜೀನ್ ಹೆಸರು ಕೊಟ್ಟರೆ ಅದು ಯಾವ ಕೋಶದಲ್ಲಿ ನಡೆಯುತ್ತದೆ ಅಂತ ಕೋಡ್ ಬರೆಯದೇ ನೋಡಬಹುದು. ಮೊದಲ ದಿನ ಸುಮ್ನೆ ಇದರಲ್ಲೇ ಆಟ ಆಡಿ.

ಕಡತ ತೆರೆಯುವಾಗ ಎರಡು ಎಚ್ಚರಿಕೆ. ನ್ಯೂಕ್ಲಿಯಸ್ ಡೇಟಾ ಆದರೆ ಇಂಟ್ರಾನ್‌ಗಳನ್ನೂ (ಆಮೇಲೆ ಕತ್ತರಿಸಿ ತೆಗೆಯುವ ಆರ್‌ಎನ್‌ಎ ಭಾಗಗಳು) ಸೇರಿಸಿ ಎಣಿಸಿದ ಕೋಷ್ಟಕವನ್ನೇ ತೆಗೆದುಕೊಳ್ಳಿ. ನ್ಯೂಕ್ಲಿಯಸ್ ಒಳಗಿನ ಆರ್‌ಎನ್‌ಎ ಇನ್ನೂ ಪೂರ್ತಿ ಕತ್ತರಿಸಿ ಜೋಡಿಸಿದ್ದಾಗಿರುವುದಿಲ್ಲ. ಇನ್ನೊಂದು, ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ. ಕೆಲವು ಜೀನ್ ಹೆಸರುಗಳನ್ನು ಅದು ಸೆಪ್ಟೆಂಬರ್, ಮಾರ್ಚ್ ತಾರೀಖು ಮಾಡಿಬಿಡುತ್ತದೆ. ಈ ಕಾಟಕ್ಕೆ 2020ರ ಹೊತ್ತಿಗೆ ಆ ಜೀನ್‌ಗಳ ಅಧಿಕೃತ ಹೆಸರನ್ನೇ ಬದಲಿಸಬೇಕಾಯಿತು!

ಹಂತ 4: ಕಸ ತೆಗೆಯಿರಿ

ಸಾಫ್ಟ್‌ವೇರ್ ಎರಡರಲ್ಲಿ ಒಂದನ್ನು ಹಿಡಿಯಿರಿ: ಪೈಥಾನ್ ಬಲ್ಲವರಿಗೆ ಸ್ಕ್ಯಾನ್‌ಪೈ, ಆರ್ ಬಲ್ಲವರಿಗೆ ಸ್ಯೂರಾ. ಎರಡೂ ಪುಕ್ಕಟೆ, ಎರಡೂ ಚೆನ್ನಾಗಿವೆ.

ಬಾರ್‌ಕೋಡ್ ಇದ್ದ ಮಾತ್ರಕ್ಕೆ ಒಳಗೆ ಒಳ್ಳೆಯ ಕೋಶ ಇದೆ ಅಂತಲ್ಲ. 200 ಜೀನ್ ಕೂಡ ಕಾಣದಿದ್ದರೆ ಅದು ಖಾಲಿ ಹನಿಯೋ ಸತ್ತ ಕೋಶವೋ ಇರಬಹುದು, ತೆಗೆಯಿರಿ. ಎರಡು ಕೋಶ ಒಂದೇ ಹನಿಯಲ್ಲಿ ಸಿಕ್ಕಿದ್ದರೆ ಸ್ಕ್ರಬ್ಲೆಟ್ ಎಂಬ ಸಾಧನ ಹಿಡಿದುಕೊಡುತ್ತದೆ. ಪೋಡೋಸೈಟ್ ಗುರುತೂ ಬಿಳಿರಕ್ತಕಣದ ಗುರುತೂ ಒಂದೇ ಕಡೆ ಕಂಡು "ಹೊಸ ಕೋಶ ಸಿಕ್ಕಿತು" ಅಂತ ಕುಣಿಯುವ ಮೊದಲು ಇದನ್ನು ಓಡಿಸಿ.

ಕಿಡ್ನಿಯಲ್ಲಿ ಬೇರೆಯೇ ಲೆಕ್ಕ ಇರುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ವಿಷಯದಲ್ಲಿ. ಆನ್‌ಲೈನ್ ಪಾಠಗಳಲ್ಲಿ ಹೆಚ್ಚಾಗಿ ರಕ್ತದ ಕೋಶಗಳನ್ನೇ ಉದಾಹರಣೆಗೆ ತೆಗೆದುಕೊಂಡು, ಮೈಟೋಕಾಂಡ್ರಿಯಾ ಜೀನ್‌ಗಳ ಪಾಲು 5 ಪರ್ಸೆಂಟ್ ದಾಟಿದ ಕೋಶವನ್ನು ಸಾಯುತ್ತಿರುವ ಕೋಶ ಅಂತ ಬಿಸಾಡಿ ಅನ್ನುತ್ತಾರೆ. ಇಡೀ ಕೋಶದ ಕಿಡ್ನಿ ಡೇಟಾದಲ್ಲಿ ಹಾಗೆ ಮಾಡಿದರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್ ಕೋಶಗಳು ಗುಂಪುಗುಂಪಾಗಿ ಮಾಯವಾಗುತ್ತವೆ. ಉಪ್ಪು, ಸಕ್ಕರೆ ಹೀರಲು ಅವಕ್ಕೆ ವಿಪರೀತ ಶಕ್ತಿ ಬೇಕು, ಮೈಟೋಕಾಂಡ್ರಿಯಾ ತುಂಬಿ ತುಳುಕುತ್ತಿರುತ್ತವೆ. ಹಾಗಾಗಿ ಕಿಡ್ನಿಯವರು ಮಿತಿಯನ್ನು ಬಹಳ ಸಡಿಲ ಬಿಡುತ್ತಾರೆ, ಕೆಲವರು 50 ಪರ್ಸೆಂಟ್‌ವರೆಗೂ ಹೋಗುತ್ತಾರೆ. ನ್ಯೂಕ್ಲಿಯಸ್ ಡೇಟಾದಲ್ಲಿ ಇದು ತಿರುವುಮುರುವು. ನ್ಯೂಕ್ಲಿಯಸ್ ಒಳಗೆ ಮೈಟೋಕಾಂಡ್ರಿಯಾ ಇರುವುದಿಲ್ಲ, ಪಾಲು ಸೊನ್ನೆಯ ಹತ್ತಿರ ಇರಬೇಕು. ಏರಿದ್ದರೆ ತೊಳೆಯುವುದು ಸರಿಯಾಗಿಲ್ಲ ಅಂತ ಅರ್ಥ.

ಇನ್ನು ತೇಲುವ ಆರ್‌ಎನ್‌ಎ. ಒಡೆದ ಕೋಶಗಳ ಆರ್‌ಎನ್‌ಎ ದ್ರವದಲ್ಲಿ ಸೇರಿ ಎಲ್ಲ ಹನಿಗಳಿಗೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಯುಎಂಒಡಿ ಎಲ್ಲ ಕೋಶಗಳಲ್ಲೂ ಸ್ವಲ್ಪ ಕಾಣುತ್ತಿದ್ದರೆ ಕಾರಣ ಇದೇ ಇರಬೇಕು. ಸೂಪ್‌ಎಕ್ಸ್ ಅಥವಾ ಸೆಲ್‌ಬೆಂಡರ್ ಎಂಬ ಸಾಧನ ಬಳಸಿ ಕಳೆಯಿರಿ.

ಇದೇ ಹೊತ್ತಿಗೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಹೆಂಗಸರ ಸ್ಯಾಂಪಲ್‌ನಲ್ಲಿ ಎಕ್ಸ್‌ಐಎಸ್‌ಟಿ ಜೀನ್ ಕಾಣಬೇಕು, ಗಂಡಸರಲ್ಲಿ ವೈ ಕ್ರೋಮೋಸೋಮಿನ ಜೀನ್‌ಗಳು ಕಾಣಬೇಕು. ಪಟ್ಟಿಯಲ್ಲಿರುವುದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಸ್ಯಾಂಪಲ್‌ಗಳು ಅದಲುಬದಲಾಗಿವೆ. ಎರಡು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಹಂತ 5: ಗುಂಪು ಮಾಡಿ, ಹೆಸರಿಡಿ

ಇದು ಬೇಗ ಮುಗಿಯುವ ಹಂತ. ಪ್ರತಿ ಕೋಶದ ಒಟ್ಟು ಎಣಿಕೆಯನ್ನು 10,000ಕ್ಕೆ ಸರಿಹೊಂದಿಸಿ, ಲಾಗ್ ತೆಗೆದುಕೊಳ್ಳಿ. ಹೆಚ್ಚು ಏರಿಳಿಯುವ ಸುಮಾರು 2,000 ಜೀನ್ ಆರಿಸಿ, ಪಿಸಿಎ ಮಾಡಿ, ಅಂದರೆ ಅಷ್ಟೂ ಜೀನ್‌ಗಳ ಏರಿಳಿತವನ್ನು ಕೆಲವೇ ಅಕ್ಷಗಳಿಗೆ ಇಳಿಸಿ. ಬೇರೆ ಬೇರೆ ವ್ಯಕ್ತಿಗಳ ಡೇಟಾ ಬೇರೆ ಬೇರೆ ದ್ವೀಪಗಳಾಗಿ ನಿಂತರೆ ಹಾರ್ಮನಿ ಎಂಬ ಸಾಧನ ಬಳಸಿ ಹೊಂದಿಸಿ. ಆಮೇಲೆ ಲೈಡನ್ ವಿಧಾನದಲ್ಲಿ ಒಂದನ್ನೊಂದು ಹೋಲುವ ಕೋಶಗಳನ್ನು ಗುಂಪು ಮಾಡಿ, ಎಲ್ಲ ಕೋಶಗಳನ್ನೂ ಚುಕ್ಕಿಗಳಾಗಿ ತೋರಿಸುವ ಯುಮ್ಯಾಪ್ ಚಿತ್ರ ಬಿಡಿಸಿ.

ಯುಮ್ಯಾಪ್ ಚಿತ್ರ ನೋಡಲು ಚೆಂದ, ಅದೇ ತೊಂದರೆ. ಎರಡು ಗುಂಪು ದೂರ ಇವೆ, ಹತ್ತಿರ ಇವೆ ಅನ್ನುವುದಕ್ಕೆ ಅದರಲ್ಲಿ ಹೆಚ್ಚು ಅರ್ಥ ಹುಡುಕಬೇಡಿ. ಹೆಸರಿಡುವಾಗ ಗೋಡೆಯ ಪಟ್ಟಿ ನೋಡಿ, ಪ್ರತಿ ಗುಂಪಿಗೂ ಒಂದಕ್ಕಿಂತ ಜಾಸ್ತಿ ಗುರುತು ಬೇಕು ಅಂತ ನಿಯಮ ಹಾಕಿಕೊಳ್ಳಿ. ಪೋಡೋಸೈಟ್ ಗುಂಪು ಚಿಕ್ಕದಾಗೇ ಇರುತ್ತದೆ, ಕೆಲವೇ ಪರ್ಸೆಂಟ್. ಕಾಣಿಸಲೇ ಇಲ್ಲ ಅಂದರೆ ಲೈಡನ್ ರೆಸಲ್ಯೂಷನ್ (ಎಷ್ಟು ಸಣ್ಣ ಗುಂಪು ಮಾಡಬೇಕು ಅನ್ನುವ ಅಳತೆ) ಏರಿಸಿ ಮತ್ತೆ ನೋಡಿ.

ಪ್ರಾಕ್ಸಿಮಲ್ ಟ್ಯೂಬ್ಯೂಲ್ ಪಕ್ಕದಲ್ಲಿ ಒಂದು ಸಣ್ಣ ಗುಂಪು ನಿಮ್ಮ ಕಣ್ಣಿಗೆ ಬೀಳಬಹುದು. ಅದರಲ್ಲಿ ಎಲ್‌ಆರ್‌ಪಿ2 ಇಳಿದಿರುತ್ತದೆ, ವಿಸಿಎಎಂ1, ಎಚ್‌ಎವಿಸಿಆರ್1 ಏರಿರುತ್ತವೆ. ಎಚ್‌ಎವಿಸಿಆರ್1 ಅಂದರೆ ಕಿಮ್-1, ಪೆಟ್ಟು ಬಿದ್ದ ಟ್ಯೂಬ್ಯೂಲ್‌ನ ಗುರುತು. ಗಾಯವಾದ ಕೋಶ ಮಾಮೂಲಿಗೆ ಮರಳಿದರೆ ಸರಿ. ಕೆಲವು ಮರಳುವುದೇ ಇಲ್ಲ, ಅರ್ಧ ರಿಪೇರಿಯಲ್ಲಿ ನಿಂತು ಉರಿಯೂತದ ಸಂಕೇತ ಕಳಿಸುತ್ತಲೇ ಇರುತ್ತವೆ, ಅಕ್ಕಪಕ್ಕ ಗಟ್ಟಿ ಕಲೆ ಬೆಳೆಯಲು ದಾರಿ ಮಾಡುತ್ತವೆ. ಇಲಿಗಳ ಮೇಲಿನ ಪ್ರಯೋಗದಲ್ಲಿ 2020ರಲ್ಲಿ ಇವನ್ನು ವಿವರವಾಗಿ ತೋರಿಸಿದರು, ಮನುಷ್ಯರ ಕಿಡ್ನಿಯಲ್ಲೂ ಇಂಥವು ಕಂಡಿವೆ. ಇಡೀ ತುಣುಕನ್ನು ಅರೆಯುತ್ತಿದ್ದ ಕಾಲದಲ್ಲಿ ಈ ಸಣ್ಣ ಗುಂಪು ಸರಾಸರಿಯಲ್ಲಿ ಮುಳುಗಿ ಹೋಗುತ್ತಿತ್ತು.

ಹಂತ 6: ರೋಗಿಯನ್ನು ಎಣಿಸಿ, ಕೋಶವನ್ನಲ್ಲ

ಇಲ್ಲಿ ನಿಧಾನ ಮಾಡಿ. ರೋಗಿಗಳಿಂದ 12,000 ನ್ಯೂಕ್ಲಿಯಸ್, ಹೋಲಿಕೆಯವರಿಂದ 12,000 ಅಂದುಕೊಳ್ಳೋಣ. ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ ಒತ್ತಿದರೆ ಸಾವಿರಾರು ಜೀನ್‌ಗಳು "ಬದಲಾಗಿವೆ" ಅಂತ ಬರುತ್ತದೆ, ಪಿ ಬೆಲೆಯಲ್ಲಿ (ವ್ಯತ್ಯಾಸವೇ ಇಲ್ಲದಿದ್ದರೂ ಹೀಗೆ ಕಾಣುವ ಸಾಧ್ಯತೆ) ಸೊನ್ನೆಗಳ ಸಾಲು ಇರುತ್ತದೆ. ನಂಬಬೇಡಿ. ಒಬ್ಬರ ಕಿಡ್ನಿಯ 4,000 ನ್ಯೂಕ್ಲಿಯಸ್‌ಗಳು 4,000 ಸಾಕ್ಷಿಗಳಲ್ಲ, ಒಬ್ಬರದೇ ಸಾಕ್ಷಿ. ನಿಮ್ಮಲ್ಲಿರುವುದು 3 ಎದುರು 3.

ಸರಿಯಾದ ದಾರಿಯನ್ನು ಸ್ಯೂಡೋಬಲ್ಕ್ ಅನ್ನುತ್ತಾರೆ. ಒಂದು ಕೋಶ ಬಗೆ ತೆಗೆದುಕೊಳ್ಳಿ, ಒಬ್ಬ ವ್ಯಕ್ತಿಯ ಆ ಬಗೆಯ ಎಲ್ಲ ಕೋಶಗಳ ಮೂಲ ಎಣಿಕೆಗಳನ್ನು ಕೂಡಿಸಿ ಒಂದೇ ಕಂಬಸಾಲು ಮಾಡಿ. 6 ಜನರಿಗೆ 6 ಕಂಬಸಾಲು. ಅದನ್ನು ಜೀನ್ ಎಣಿಕೆಗಳನ್ನು ಹೋಲಿಸುವ ಡಿಇಸೀಕ್2 ಎಂಬ ಸಾಫ್ಟ್‌ವೇರ್‌ಗೆ ಕೊಡಿ. ಪಟ್ಟಿ ತಟ್ಟನೆ ಕುಗ್ಗುತ್ತದೆ. ಬೇಜಾರಾಗುತ್ತದೆ, ಆದರೆ ಉಳಿದದ್ದರ ಮೇಲೆ ನಂಬಿಕೆ ಇಡಬಹುದು. 20,000 ಜೀನ್‌ಗಳನ್ನು 0.05ರ ಮಿತಿಯಲ್ಲಿ ಪರೀಕ್ಷಿಸಿದರೆ ಏನೂ ವ್ಯತ್ಯಾಸ ಇಲ್ಲದಿದ್ದರೂ ಸುಮಾರು 1,000 ಜೀನ್ ಸುಳ್ಳಾಗಿ ಮೇಲೆ ಬರುತ್ತವೆ. ಅದಕ್ಕೇ ಇಷ್ಟು ಪರೀಕ್ಷೆಗಳ ಲೆಕ್ಕ ಹಿಡಿದು ತಿದ್ದಿದ ಪಿ ಬೆಲೆಯನ್ನೇ ನೋಡಬೇಕು.

ಕೋಶಗಳ ಪ್ರಮಾಣದ ಬಗ್ಗೆಯೂ ಹುಷಾರು. "ರೋಗಿಯಲ್ಲಿ ಎಕ್ಯೂಪಿ2 ಕೋಶ ಜಾಸ್ತಿಯಾಗಿವೆ" ಅಂತ ಕಂಡರೆ ಬಯಾಪ್ಸಿ (ಕಿಡ್ನಿಯ ತುಣುಕು ತೆಗೆಯುವ) ಸೂಜಿ ಎಷ್ಟು ಆಳಕ್ಕೆ ಹೋಗಿತ್ತು ಅಂತ ಕೇಳಿ. ಒಳಗಿನ ಮೆಡುಲ್ಲಾ ಭಾಗ ಜಾಸ್ತಿ ಬಂದಿದ್ದರೆ ಆ ಕೋಶಗಳು ಜಾಸ್ತಿ ಕಾಣಲೇಬೇಕು, ಅಲ್ವಾ?

ಹಂತ 7: ನಮ್ಮೂರಿನ ಸ್ಯಾಂಪಲ್

ಸಂಶೋಧನೆಗಾಗಿಯೇ ಯಾರ ಕಿಡ್ನಿಗೂ ಸೂಜಿ ಚುಚ್ಚಿಸಬೇಡಿ. ಚಿಕಿತ್ಸೆಗೆ ಅಂತ ವೈದ್ಯರು ಮಾಡಿದ ಬಯಾಪ್ಸಿಯಲ್ಲಿ ಪೆಥಾಲಜಿಯವರಿಗೆ ಬೇಕಾದಷ್ಟು ಕೊಟ್ಟ ಮೇಲೆ ಉಳಿದದ್ದು ಮಾತ್ರ, ಅದೂ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯನ್ನು ಓದಿಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ನಮ್ಮ ಜಿಲ್ಲೆಗಳಲ್ಲಿ ತೆಲುಗು, ಉರ್ದು ಪ್ರತಿಗಳೂ ಬೇಕು. "ನಿಮ್ಮ ಕಿಡ್ನಿಯ ಚೂರು ಇಟ್ಟುಕೊಂಡು ಓದುತ್ತೇವೆ, ಇದರಿಂದ ನಿಮ್ಮ ಔಷಧಿ ಬದಲಾಗುವುದಿಲ್ಲ, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ" ಅಂತ ಬಾಯಲ್ಲೂ ಹೇಳಿ.

ಬಿಸಿಲೇ ನಮ್ಮ ದೊಡ್ಡ ವೈರಿ. ಆರ್‌ಎನ್‌ಎ ಬೇಗ ಹಾಳಾಗುವ ವಸ್ತು. ಆರ್‌ಎನ್‌ಎಲೇಟರ್ ದ್ರಾವಣದಲ್ಲಿ ಮುಳುಗಿಸಿದರೆ 25 ಡಿಗ್ರಿಯಲ್ಲಿ ಒಂದು ವಾರ ತಡೆಯುತ್ತದೆ, 37 ಡಿಗ್ರಿಯಲ್ಲಿ ಒಂದೇ ದಿನ. ರಾಯಚೂರಿನ ಮೇ ತಿಂಗಳಲ್ಲಿ "ರೂಮ್ ಟೆಂಪರೇಚರ್" ಅನ್ನುವ ಸೂಚನೆಯನ್ನು ಹಾಗೇ ಪಾಲಿಸಿದರೆ ಕೆಟ್ಟಿತು. ಫ್ರಿಜ್ಜಿನಲ್ಲೇ ಇಡಿ.

ನ್ಯೂಕ್ಲಿಯಸ್ ತೆಗೆಯುವ ಉದ್ದೇಶವಿದ್ದರೆ ತುಣುಕನ್ನು ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ಅದು ಎಲ್ಲಿ ಸಿಗುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಸುಳಿವು: ಪಶು ಆಸ್ಪತ್ರೆಯವರು ಕೃತಕ ಗರ್ಭಧಾರಣೆಯ ವೀರ್ಯದ ನಳಿಕೆಗಳನ್ನು ಇಡುವುದು ಇದರಲ್ಲೇ. ಅವರಿಗೆ ಯಾರು ತುಂಬಿಸಿಕೊಡುತ್ತಾರೆ ಅಂತ ವಿಚಾರಿಸಿ. ಮೈನಸ್ 196 ಡಿಗ್ರಿಯ ದ್ರವ, ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬಾರದು. ಸಾಗಿಸಲು ಡ್ರೈ ಐಸ್ ಸಾಕು, ಡಬ್ಬಿಯನ್ನು ಗಾಳಿಯಾಡದಂತೆ ಬಿಗಿಯಬೇಡಿ, ಅನಿಲ ಉಬ್ಬಿ ಒಡೆಯುತ್ತದೆ.

ಹೆಪ್ಪುಗಟ್ಟಿಸಿದ ತುಣುಕಿನಿಂದ ಇಡೀ ಕೋಶ ತೆಗೆಯಲು ಆಗುವುದಿಲ್ಲ, ನ್ಯೂಕ್ಲಿಯಸ್ ತೆಗೆಯಬಹುದು. ನಮ್ಮಂಥ ದೂರದ ಊರಿನವರಿಗೆ ಇದು ಅನುಕೂಲವೇ. ಹಸಿ ತುಣುಕನ್ನು 37 ಡಿಗ್ರಿಯಲ್ಲಿ ಕಿಣ್ವ ಹಾಕಿ ಬಿಡಿಸುವಾಗ ಕೋಶಗಳು ಗಾಬರಿಬಿದ್ದು ಎಫ್‌ಒಎಸ್, ಜೆಯುಎನ್ ಜೀನ್‌ಗಳನ್ನು ಏರಿಸುತ್ತವೆ. ಅದನ್ನು ರೋಗದ ಲಕ್ಷಣ ಅಂದುಕೊಳ್ಳುವ ಅಪಾಯ ನ್ಯೂಕ್ಲಿಯಸ್ ವಿಧಾನದಲ್ಲಿ ಬಹಳ ಕಡಿಮೆ. ಖರ್ಚಿನ ಅಂದಾಜಿಗೆ ಒಂದು ಲೆಕ್ಕ: 10,000 ನ್ಯೂಕ್ಲಿಯಸ್‌ಗೆ ತಲಾ 20,000 ರೀಡ್ (ಯಂತ್ರ ಓದುವ ತುಂಡುಗಳು) ಅಂದರೆ ಒಂದು ಸ್ಯಾಂಪಲ್‌ಗೆ 20 ಕೋಟಿ ರೀಡ್. ಕೊಟೇಶನ್ ಕೇಳುವಾಗ ಈ ಸಂಖ್ಯೆ ಹೇಳಿ.

ರೋಗಿ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯನ್ನು ಅಂದೇ ಬರೆದುಕೊಳ್ಳಿ. ಉದಾಹರಣೆಗೆ, ಸೀಸ, ಕ್ಯಾಡ್ಮಿಯಂನಂಥ ಲೋಹದ ಸುಳಿವು ಸಿಗಬಹುದು ಅಂತ ಎಂಟಿ2ಎ ಜೀನ್ ನೋಡುತ್ತೀರಿ, ಏರಿರುತ್ತದೆ. ಹಟ್ಟಿ ಕಡೆಯ ಗಣಿ, ಸಂಡೂರಿನ ಧೂಳು ಅಂತ ಕಥೆ ಕಟ್ಟುವ ಮೊದಲು ಚೀಟಿ ನೋಡಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದೂ ಎಂಟಿ2ಎ ಏರಿಸುತ್ತದೆ. ಎಫ್‌ಕೆಬಿಪಿ5 ಕೂಡ ಜೊತೆಗೆ ಏರಿದ್ದರೆ ಸ್ಟೀರಾಯ್ಡ್ ಮೇಲೆಯೇ ಅನುಮಾನ ಜಾಸ್ತಿ. ಲೋಹ ನೀರಿನಿಂದ ಬಂತು ಅಂತ ಹೇಳಬೇಕಾದರೆ ನೀರನ್ನೂ, ಮೂತ್ರದಲ್ಲಿನ ಲೋಹವನ್ನೂ ಅಳೆಯಲೇಬೇಕು.

ಬಯಾಪ್ಸಿ ಸಿಗದಿದ್ದರೆ: ಮೂತ್ರದ ಕೋಶಗಳು

ಸೋಸುವಾಗ ಕಳಚಿದ ಕೋಶಗಳು ಮೂತ್ರದಲ್ಲಿ ಬರುತ್ತವೆ. ಸುಮಾರು 50 ಮಿ.ಲೀ. ಮೂತ್ರ ತೆಗೆದು ಕೂಡಲೇ ಐಸ್ ಮೇಲಿಡಿ, ಆದಷ್ಟು ಬೇಗ ತಂಪು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ತೊಳೆದು ಕೋಶ ಒಡೆಯುವ ಲೈಸಿಸ್ ದ್ರಾವಣಕ್ಕೆ ಹಾಕಿ. ಆಮೇಲೆ ಕ್ಯೂಪಿಸಿಆರ್, ಅಂದರೆ ಒಂದು ಜೀನ್‌ನ ಪ್ರತಿಗಳನ್ನು ಸುತ್ತುಸುತ್ತಾಗಿ ಹೆಚ್ಚಿಸುತ್ತ ಅಳೆಯುವ ವಿಧಾನ. ಕೋವಿಡ್ ಕಾಲದಲ್ಲಿ ಬಂದ ಆರ್‌ಟಿ-ಪಿಸಿಆರ್ ಯಂತ್ರಗಳು ಈ ಕೆಲಸಕ್ಕೆ ಆಗುತ್ತವೆ, ನಿಮ್ಮ ಕಾಲೇಜಿನಲ್ಲಿದ್ದರೆ ಅದೃಷ್ಟ.

ಎನ್‌ಪಿಎಚ್‌ಎಸ್2 ನೋಡಿದರೆ ಪೋಡೋಸೈಟ್ ಎಷ್ಟು ಕಳಚುತ್ತಿವೆ ಅಂತ ಅಂದಾಜು ಸಿಗುತ್ತದೆ. ಮೂತ್ರ ತೆಳುವೋ ಗಟ್ಟಿಯೋ ಅನ್ನುವ ವ್ಯತ್ಯಾಸ ಸರಿಪಡಿಸಲು ಅದನ್ನು ಎಕ್ಯೂಪಿ2 ಜೊತೆಗಾಗಲಿ ಮೂತ್ರದ ಕ್ರಿಯಾಟಿನಿನ್ ಜೊತೆಗಾಗಲಿ ಹೋಲಿಸಿ. ಸಿಟಿ ಬೆಲೆಯಲ್ಲಿ (ಎಷ್ಟನೇ ಸುತ್ತಿಗೆ ಜೀನ್ ಕಂಡಿತು ಅನ್ನುವ ಅಂಕಿ) 1ರ ವ್ಯತ್ಯಾಸ ಅಂದರೆ ಎರಡು ಪಟ್ಟು. 35 ದಾಟಿದ ಸಿಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇಸಿಗೆಯ ಮಧ್ಯಾಹ್ನದ ಸ್ಯಾಂಪಲ್‌ಗಳನ್ನೂ ಚಳಿಗಾಲದ ಬೆಳಗಿನವನ್ನೂ ಬೆರೆಸಿದರೆ ಋತುವಿನ ವ್ಯತ್ಯಾಸವೇ ರೋಗದ ವ್ಯತ್ಯಾಸದಂತೆ ಕಂಡೀತು. ರೋಗಿಯ ಸ್ಯಾಂಪಲ್ ತೆಗೆದ ವಾರದಲ್ಲೇ ಹೋಲಿಕೆಯವರದ್ದನ್ನೂ ತೆಗೆಯಿರಿ.

ಹಂತ 8: ಇನ್ನೊಂದು ಕಣ್ಣಿನಿಂದ ನೋಡಿ, ಆಮೇಲೆ ಪ್ರಕಟಿಸಿ

ಆರ್‌ಎನ್‌ಎ ಏರಿದ ಮಾತ್ರಕ್ಕೆ ಪ್ರೋಟೀನ್ ಏರಿರಬೇಕು ಅಂತ ಇಲ್ಲ. ವಿಸಿಎಎಂ1 ಕಂಡರೆ ಪೆಥಾಲಜಿ ವಿಭಾಗದ ಸ್ಲೈಡಿನ ಮೇಲೆ ಆ ಪ್ರೋಟೀನ್‌ಗೆ ಬಣ್ಣ ಹಾಕಿಸಿ, ಟ್ಯೂಬ್ಯೂಲ್‌ನಲ್ಲೇ ಇದೆಯಾ ಅಂತ ಕಣ್ಣಾರೆ ನೋಡಿ. ಕಿಮ್-1 ಆದರೆ ಮೂತ್ರದಲ್ಲಿ ಎಲೈಸಾ (ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಬಹುದು. ನಿಮ್ಮ ಪಟ್ಟಿಯ ಮೊದಲ ಹತ್ತು ಜೀನ್‌ಗಳನ್ನು ಕೆಪಿಎಂಪಿ ಡೇಟಾದಲ್ಲಿ ಹಾಕಿ ನೋಡಿ. ಅಲ್ಲೂ ಅದೇ ಕೋಶದಲ್ಲಿ, ಅದೇ ದಿಕ್ಕಿನಲ್ಲಿ ಬದಲಾಗಿದ್ದರೆ ಧೈರ್ಯವಾಗಿ ಬರೆಯಿರಿ. ಬದಲಾಗಿಲ್ಲದಿದ್ದರೆ ಅದನ್ನೂ ಬರೆಯಿರಿ.

ಪ್ರಬಂಧದಲ್ಲಿ ವ್ಯಕ್ತಿಗಳ ಸಂಖ್ಯೆಯನ್ನು ಕೋಶಗಳ ಸಂಖ್ಯೆಗಿಂತ ಮೊದಲು ಕೊಡಿ. ಯಾವ ಮಿತಿ ಹಾಕಿ ಎಷ್ಟು ಕೋಶ ಬಿಟ್ಟಿರಿ ಅನ್ನುವುದು ಕೋಷ್ಟಕದಲ್ಲಿರಲಿ. ಹೆಸರು, ಊರು, ಆಸ್ಪತ್ರೆ ನಂಬರ್ ತೆಗೆದ ಎಣಿಕೆ ಕೋಷ್ಟಕವನ್ನು ಫರೀದಾಬಾದ್‌ನಲ್ಲಿರುವ ಇಂಡಿಯನ್ ಬಯಲಾಜಿಕಲ್ ಡೇಟಾ ಸೆಂಟರ್‌ಗೆ ಸಲ್ಲಿಸಬಹುದು. ಮೂಲ ರೀಡ್ ಕಡತಗಳಲ್ಲಿ ವ್ಯಕ್ತಿಯ ಡಿಎನ್‌ಎ ಗುರುತುಗಳೂ ಸೇರಿರುತ್ತವೆ, ಅವನ್ನು ಅನುಮತಿ ಕೇಳಿದವರಿಗಷ್ಟೇ ಕೊಡುವ ವ್ಯವಸ್ಥೆಯಲ್ಲಿ ಇಡಿ. ಸಣ್ಣ ಹಳ್ಳಿಯಾದರೆ ವಯಸ್ಸು, ಕಸುಬು, ರೋಗ ಮೂರೂ ಒಟ್ಟಿಗೆ ಕೊಟ್ಟರೆ ಯಾರು ಅಂತ ಊರಿಗೇ ಗೊತ್ತಾಗಿಬಿಡುತ್ತದೆ. ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ, ಹಳ್ಳಿಯ ಬದಲು ಜಿಲ್ಲೆಯ ಹೆಸರು ಹಾಕಿ.